ಕೂರಿಸುವುದು ವೈದ್ಯರು, ಹಿಡಿಯುವುದು ಮೂಳೆ

ಹಲ್ಲಿನ ಇಂಪ್ಲಾಂಟ್, ಅಂದರೆ ಹೋದ ಹಲ್ಲಿನ ಬೇರಿನ ಬದಲು ದವಡೆಯ ಮೂಳೆಯಲ್ಲಿ ಕೂರಿಸುವ, ಸಾಮಾನ್ಯವಾಗಿ ಟೈಟಾನಿಯಂ ಲೋಹದ ಸ್ಕ್ರೂ, ಅಂದ ಕೂಡಲೇ ಬಹಳ ಜನರ ಕಣ್ಣ ಮುಂದೆ ಬರುವುದು ಗೋಡೆಗೆ ಸ್ಕ್ರೂ ಹಾಕುವ ಚಿತ್ರ. ತೂತು ಕೊರೆದರು, ತಿರುಗಿಸಿದರು, ಬಿಗಿಯಾಯಿತು, ಕೆಲಸ ಮುಗಿಯಿತು. ಮೊದಲ ದಿನದ ಮಟ್ಟಿಗೆ ಇದು ತಪ್ಪೇನಲ್ಲ. ಆದರೆ ಗೋಡೆ ಸ್ಕ್ರೂ ಹಾಕಿಸಿಕೊಂಡು ಸುಮ್ಮನೆ ಇರುತ್ತದೆ. ದವಡೆಯ ಮೂಳೆ ಸುಮ್ಮನೆ ಇರುವುದಿಲ್ಲ. ಆ ಕ್ಷಣದಿಂದಲೇ ಅದು ರಿಪೇರಿ ಕೆಲಸಕ್ಕೆ ಇಳಿಯುತ್ತದೆ. ಮೊದಲ ದಿನ ಇಂಪ್ಲಾಂಟನ್ನು ಹಿಡಿದುಕೊಂಡಿದ್ದ ಮೂಳೆಯೇ ಬೇರೆ, ವರ್ಷ ಕಳೆದ ಮೇಲೆ ಹಿಡಿದುಕೊಂಡಿರುವ ಮೂಳೆಯೇ ಬೇರೆ.

ಹಳೆಯದನ್ನು ಕಿತ್ತು ಹೊಸದನ್ನು ಕಟ್ಟುವ ನಡುವೆ ಕೆಲವು ವಾರ ಹಿಡಿತ ಕಡಿಮೆಯಾಗುತ್ತದೆ. ಹೌದು, ಕಡಿಮೆಯಾಗುತ್ತದೆ. ನಾನು ಇವತ್ತು ಮುಖ್ಯವಾಗಿ ಹೇಳಬೇಕು ಅಂದುಕೊಂಡಿರುವುದು ಆ ಕೆಲವು ವಾರಗಳ ಬಗ್ಗೆ. ಯಾಕಂದರೆ ಅಷ್ಟು ಹೊತ್ತಿಗೆ ನೋವು ಹೋಗಿರುತ್ತದೆ, ಊತ ಇಳಿದಿರುತ್ತದೆ, ‘ಎಲ್ಲ ಸರಿಹೋಯಿತು’ ಅಂತ ಅನ್ನಿಸುವುದೂ ಆಗಲೇ.

ಮೊದಲು ಒಂದು ಪ್ರಶ್ನೆ ಕೇಳುತ್ತೇನೆ. ಬೆರಳಿಗೆ ಮುಳ್ಳು ಚುಚ್ಚಿ ಒಳಗೇ ಮುರಿದುಕೊಂಡರೆ ಏನಾಗುತ್ತದೆ? ಒಂದೋ ಕೀವು ಕಟ್ಟಿಕೊಂಡು ಹೊರಗೆ ಬರುತ್ತದೆ. ಇಲ್ಲವೇ ದೇಹ ಅದರ ಸುತ್ತ ನಾರಿನಂಥ ಒಂದು ಚೀಲ ಕಟ್ಟಿ, ಬೇರೆಯಾಗಿಟ್ಟು, ತನ್ನ ಪಾಡಿಗೆ ಇರುತ್ತದೆ. ಹೊರಗಿನ ವಸ್ತು ಒಳಗೆ ಬಂದರೆ ದೇಹ ಮಾಡುವುದು ಇಷ್ಟೇ. ಓಡಿಸು, ಆಗದಿದ್ದರೆ ಸುತ್ತಿ ಇಡು.

ಹಲ್ಲಿನ ಜಾಗದಲ್ಲಿ ಲೋಹ ಕೂರಿಸುವ ಹಳೆಯ ಪ್ರಯತ್ನಗಳಿಗೂ ಹೀಗೇ ಆಗುತ್ತಿತ್ತು. 1940ರ ದಶಕದಲ್ಲಿ ಮೂಳೆಯ ಮೇಲೆ, ವಸಡಿನ ಕೆಳಗೆ ಲೋಹದ ಚೌಕಟ್ಟು ಇಡುತ್ತಿದ್ದರು. 1960ರ ದಶಕದಲ್ಲಿ ಬ್ಲೇಡಿನ ಆಕಾರದ ಇಂಪ್ಲಾಂಟ್‌ಗಳು ಬಂದವು. ಬಹಳಷ್ಟರಲ್ಲಿ ಮೂಳೆಗೂ ಲೋಹಕ್ಕೂ ನಡುವೆ ನಾರಿನ ಪದರ ಬೆಳೆದುಕೊಳ್ಳುತ್ತಿತ್ತು. ಆ ಪದರ ಒಳ್ಳೆಯದೇ ಅಂತ ವಾದಿಸಿದವರೂ ಇದ್ದರು. ಸಹಜ ಹಲ್ಲಿಗೂ ಮೂಳೆಗೂ ನಡುವೆ ನಾರಿನ ಹಾಸು ಇದೆಯಲ್ಲ, ಇದೂ ಹಾಗೇ ಅಂತ. ಆದರೆ ಸಹಜ ಹಲ್ಲಿನ ನಾರುಗಳು ಒಂದು ತುದಿಯಲ್ಲಿ ಬೇರಿಗೆ, ಇನ್ನೊಂದು ತುದಿಯಲ್ಲಿ ಮೂಳೆಗೆ ಹೂತುಕೊಂಡು ಹಲ್ಲನ್ನು ತೂಗಿ ಹಿಡಿದಿರುತ್ತವೆ. ಇಂಪ್ಲಾಂಟಿನ ಸುತ್ತ ಬೆಳೆಯುವ ನಾರು ಯಾವುದಕ್ಕೂ ಹಾಗೆ ಅಂಟಿಕೊಂಡಿರುವುದಿಲ್ಲ. ಅಗಿದಾಗ ಅಲುಗುತ್ತದೆ, ಅಲುಗಿದಷ್ಟೂ ಪದರ ದಪ್ಪ ಆಗುತ್ತದೆ, ಕೊನೆಗೆ ಇಂಪ್ಲಾಂಟ್ ಸಡಿಲವಾಗಿ ಕೈಗೆ ಬರುತ್ತದೆ.

ಹಾಗಾದರೆ ಟೈಟಾನಿಯಂ ಮಾತ್ರ ಈ ಚೀಲದಿಂದ ಹೇಗೆ ತಪ್ಪಿಸಿಕೊಂಡಿತು?

ಇದು ಗೊತ್ತಾಗಿದ್ದು ಬೇರೇನೋ ಹುಡುಕುವಾಗ. 1952ರಲ್ಲಿ ಸ್ವೀಡನ್‌ನ ಲುಂಡ್‌ನಲ್ಲಿ ಪರ್-ಇಂಗ್ವಾರ್ ಬ್ರೋನೆಮಾರ್ಕ್ ಮೂಳೆಯೊಳಗೆ ರಕ್ತ ಹೇಗೆ ಹರಿಯುತ್ತದೆ ಅಂತ ಅಧ್ಯಯನ ಮಾಡುತ್ತಿದ್ದರು. ಮೊಲದ ಕಾಲಿನ ಮೂಳೆಯಲ್ಲಿ ಟೈಟಾನಿಯಂನಿಂದ ಮಾಡಿದ ಒಂದು ಪುಟ್ಟ ಕಿಂಡಿ ಕೂರಿಸಿ, ಅದರ ಮೂಲಕ ಜೀವಂತ ಮೂಳೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡುವುದು ಅವರ ವಿಧಾನ. ಪ್ರಯೋಗ ಮುಗಿದ ಮೇಲೆ ಕಿಂಡಿಯನ್ನು ತೆಗೆದು ಮತ್ತೆ ಬಳಸೋಣ ಅಂತ ನೋಡಿದರೆ ಅದು ಬರಲೇ ಇಲ್ಲ. ಮೂಳೆ ಅದನ್ನು ಹಿಡಿದುಕೊಂಡುಬಿಟ್ಟಿತ್ತು. ಅವರು ಹಲ್ಲಿನ ಡಾಕ್ಟರ್ ಅಲ್ಲ, ಅದನ್ನೂ ಹೇಳಿಬಿಡುತ್ತೇನೆ. ಹಲ್ಲಿನವರಿಗೆ ಇದನ್ನು ಒಪ್ಪಿಕೊಳ್ಳುವುದು ತಡವಾಗಲು ಅದೂ ಒಂದು ಕಾರಣ ಅಂತ ನನ್ನ ಅನಿಸಿಕೆ.

ಕತೆ ಸಾಮಾನ್ಯವಾಗಿ ಇಲ್ಲಿಂದಲೇ ಶುರುವಾಗುತ್ತದೆ. ಆದರೆ ಇದನ್ನು ಮೊದಲು ಕಂಡವರು ಅವರೊಬ್ಬರೇ ಅಲ್ಲ. 1940ರಲ್ಲೇ ಬೋಥೆ ಮತ್ತು ಸಂಗಡಿಗರು ಬೆಕ್ಕಿನ ಮೂಳೆಯಲ್ಲಿ ಬೇರೆ ಬೇರೆ ಲೋಹ ಇಟ್ಟು ನೋಡುವಾಗ, ಟೈಟಾನಿಯಂ ಜೊತೆ ಮೂಳೆ ಬೆರೆತುಕೊಳ್ಳುವಂತೆ ಕಾಣುತ್ತದೆ ಅಂತ ಬರೆದಿದ್ದರು. 1951ರಲ್ಲಿ ಗಾಟ್ಲೀಬ್ ಲೆವೆಂತಾಲ್ ಎಂಬ ಮೂಳೆ ವೈದ್ಯರು ಇಲಿಗಳ ತೊಡೆಮೂಳೆಗೆ ಟೈಟಾನಿಯಂ ಸ್ಕ್ರೂ ಹಾಕಿದರು. 6 ವಾರದ ಹೊತ್ತಿಗೆ ಸ್ಕ್ರೂ ಹಾಕಿದಾಗ ಇದ್ದದ್ದಕ್ಕಿಂತ ಸ್ವಲ್ಪ ಬಿಗಿಯಾಗಿತ್ತು. 12 ವಾರಕ್ಕೆ ತೆಗೆಯುವುದು ಇನ್ನೂ ಕಷ್ಟ ಆಯಿತು. 16 ವಾರಕ್ಕೆ ಒಂದು ಇಲಿಯಲ್ಲಿ ಸ್ಕ್ರೂ ತೆಗೆಯಲು ಹೋದರೆ ಮೂಳೆಯೇ ಮುರಿಯಿತು. ಸ್ಕ್ರೂ ದಿನ ಕಳೆದಂತೆ ಸಡಿಲ ಆಗುವುದು ಎಲ್ಲರಿಗೂ ಗೊತ್ತಿದ್ದ ವಿಷಯ. ಇಲ್ಲಿ ಉಲ್ಟಾ. ಇಷ್ಟು ಸ್ಪಷ್ಟವಾಗಿ ಬರೆದಿಟ್ಟಿದ್ದರೂ ಅದನ್ನು ಹಿಡಿದು ಮುಂದೆ ಹೋದವರಿಲ್ಲ. ಬ್ರೋನೆಮಾರ್ಕ್ ಅವರ ಹೆಚ್ಚುಗಾರಿಕೆ ಮೊದಲು ಕಂಡದ್ದರಲ್ಲಿ ಇಲ್ಲ, ಬಿಡದೆ ಬೆನ್ನು ಹತ್ತಿದ್ದರಲ್ಲಿದೆ.

1965ರಲ್ಲಿ ಗೋಥೆನ್‌ಬರ್ಗ್‌ನಲ್ಲಿ ಮೊದಲ ಬಾರಿ ಮನುಷ್ಯರ ದವಡೆಗೆ ಇಂಪ್ಲಾಂಟ್ ಹಾಕಿದರು. ಆ ರೋಗಿಗೆ ಹುಟ್ಟಿನಿಂದಲೇ ದವಡೆಯ ತೊಂದರೆ ಇತ್ತು, ಕೆಳಗಿನ ಹಲ್ಲುಗಳಿರಲಿಲ್ಲ. ಅವರು 2006ರಲ್ಲಿ ತೀರಿಕೊಂಡರು. ಅಲ್ಲಿಯವರೆಗೂ, 40 ವರ್ಷಕ್ಕೂ ಜಾಸ್ತಿ, ಆ ಇಂಪ್ಲಾಂಟ್‌ಗಳು ಕೆಲಸ ಮಾಡಿದವು.

ಆದರೂ ಜನ ನಂಬಲಿಲ್ಲ. ನಂಬದೇ ಇರಲು ಒಂದು ನ್ಯಾಯವಾದ ಕಾರಣವೂ ಇತ್ತು. ಮೂಳೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕಾದರೆ ತೆಳುವಾದ ಹಾಳೆಯಾಗಿ ಕತ್ತರಿಸಬೇಕು. ಅದಕ್ಕೆ ಮೊದಲು ಆಸಿಡ್‌ನಲ್ಲಿ ನೆನೆಸಿ ಸುಣ್ಣದ ಅಂಶ ತೆಗೆದು ಮೆತ್ತಗೆ ಮಾಡಬೇಕು. ಆದರೆ ಒಳಗೆ ಲೋಹ ಇದ್ದರೆ ಕತ್ತರಿಸುವುದು ಹೇಗೆ? ಲೋಹ ಹೊರಗೆ ಎಳೆಯಲೇಬೇಕು. ಎಳೆದರೆ ಮೂಳೆಯೂ ಲೋಹವೂ ಕೂಡಿದ್ದ ಜಾಗವೇ ಹರಿದುಹೋಗುತ್ತದೆ. ಅಂದರೆ ಯಾವುದನ್ನು ನೋಡಬೇಕೋ ಅದೇ ಮಾಯ! ಲೋಹದ ಸಮೇತ ಗಟ್ಟಿ ಮೂಳೆಯನ್ನು ಕೊಯ್ದು, ಉಜ್ಜಿ ತೆಳುವು ಮಾಡುವ ವಿಧಾನ ಬಂದ ಮೇಲೆ, 1976ರಲ್ಲಿ ಸ್ವಿಟ್ಜರ್ಲೆಂಡ್‌ನ ಆಂದ್ರೆ ಶ್ರೋಡರ್ ಮತ್ತು ಜೊತೆಯವರು ಮೂಳೆ ನೇರವಾಗಿ ಟೈಟಾನಿಯಂಗೆ ತಾಗಿ ನಿಂತಿರುವುದನ್ನು ತೋರಿಸಿದರು. 1982ರಲ್ಲಿ ಕೆನಡಾದ ಟೊರೊಂಟೋದಲ್ಲಿ ದಂತವೈದ್ಯ ಜಾರ್ಜ್ ಝಾರ್ಬ್ ಈ ವಿಷಯದ ಮೇಲೆಯೇ ಒಂದು ಸಮ್ಮೇಳನ ನಡೆಸಿದರು. ಆಮೇಲೆ ಎಲ್ಲ ಕಡೆ ಬಾಗಿಲು ತೆರೆಯಿತು. ಮೊಲದ ಕಾಲಿನಿಂದ ಅಲ್ಲಿಗೆ ಸರಿಯಾಗಿ 30 ವರ್ಷ.

ಈಗ ಟೈಟಾನಿಯಂಗೆ ಬರೋಣ. ನಿಮಗೆ ಒಂದು ಆಶ್ಚರ್ಯದ ವಿಷಯ ಹೇಳಲೇ? ಮೂಳೆ ಟೈಟಾನಿಯಂ ಅನ್ನು ಮುಟ್ಟುವುದೇ ಇಲ್ಲ. ಟೈಟಾನಿಯಂ ಗಾಳಿಗೆ ತೆರೆದುಕೊಂಡ ಮೇಲೆ ಕಣ್ಣು ಮಿಟುಕಿಸುವಷ್ಟರಲ್ಲಿ ಅದರ ಮೇಲೆ ಆಕ್ಸೈಡ್ ಪದರ ಬಂದುಬಿಡುತ್ತದೆ. ದಪ್ಪ ಕೆಲವೇ ನ್ಯಾನೋಮೀಟರ್. ಗೀಚಿದರೆ ತಕ್ಷಣ ಮತ್ತೆ ಬೆಳೆಯುತ್ತದೆ. ಈ ಪದರ ನೀರಿನಲ್ಲಾಗಲಿ ರಕ್ತದಲ್ಲಾಗಲಿ ಕರಗುವುದಿಲ್ಲ ಅಂತಲೇ ಹೇಳಬಹುದು. ಒಳಗಿನ ಲೋಹದ ಕಣಗಳು ಹೊರಗೆ ಸೋರಲು ಬಿಡುವುದಿಲ್ಲ. ಅಂದರೆ ದೇಹದ ಕಣ್ಣಿಗೆ ಇದು ಲೋಹವಾಗಿ ಕಾಣುವುದೇ ಇಲ್ಲ, ಪಿಂಗಾಣಿಯಂಥ ವಸ್ತುವಾಗಿ ಕಾಣುತ್ತದೆ. ಜಿರ್ಕೋನಿಯಾ ಅಂತ ಬಿಳಿ ಬಣ್ಣದ ಇಂಪ್ಲಾಂಟ್ ಬಂದಿದೆಯಲ್ಲ, ಅದರಲ್ಲಿ ಲೋಹದ ತಿರುಳೇ ಇಲ್ಲ, ಪೂರ್ತಿ ಆಕ್ಸೈಡ್. ಅದಕ್ಕೂ ಮೂಳೆ ಹೀಗೇ ಕೂಡುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಮೇಲೂ ರಕ್ಷಣೆಯ ಪದರ ಇದೆ, ಆದರೆ ಇಷ್ಟು ಗಟ್ಟಿ ಅಲ್ಲ. ದೇಹದೊಳಗೆ ವರ್ಷಗಟ್ಟಲೆ ಇದ್ದರೆ ನಿಕಲ್, ಕ್ರೋಮಿಯಂ ಸೋರುತ್ತವೆ.

ಸರಿ, ಇನ್ನು ಆಪರೇಷನ್ ಟೇಬಲ್ಲಿಗೆ ಹೋಗೋಣ. ನಾವು ಮಾಡುವ ಮೊದಲ ಕೆಲಸ ಡ್ರಿಲ್ ಮಾಡುವುದು. ಇಲ್ಲೇ ಇಡೀ ಕೆಲಸ ಕೆಡಿಸಿಬಿಡಬಹುದು. ಮೂಳೆ ಬಿಸಿ ತಡೆಯುವುದಿಲ್ಲ. 1983ರಲ್ಲಿ ಎರಿಕ್ಸನ್ ಮತ್ತು ಆಲ್ಬ್ರೆಕ್ಟ್‌ಸನ್ ಮೊಲದ ಮೂಳೆಯ ಮೇಲೆ ಮಾಡಿದ ಪ್ರಯೋಗದಿಂದ ಗೊತ್ತಾದದ್ದು, 47 ಡಿಗ್ರಿ ಸೆಲ್ಸಿಯಸ್ ಬಿಸಿ 1 ನಿಮಿಷ ತಾಗಿದರೆ ಸಾಕು, ಮೂಳೆಗೆ ಪೆಟ್ಟಾಗುತ್ತದೆ. ನಮ್ಮ ಮೈ ಬಿಸಿಯೇ 37. ಉಳಿದಿರುವ ಅಂತರ 10 ಡಿಗ್ರಿ ಅಷ್ಟೇ. ಅದಕ್ಕೇ ಡ್ರಿಲ್ ಮಾಡುವಾಗ ಸತತವಾಗಿ ಸಲೈನ್ ಚಿಮ್ಮಿಸುತ್ತಿರುತ್ತೇವೆ. ಸಣ್ಣ ಡ್ರಿಲ್‌ನಿಂದ ಶುರು ಮಾಡಿ ಒಂದೊಂದೇ ಸೈಜು ದೊಡ್ಡದು ಮಾಡುತ್ತಾ ಹೋಗುತ್ತೇವೆ. ಒಂದೇ ಸಮ ಒತ್ತದೆ, ಒಳಗೆ ಹೋಗಿ ಹೊರಗೆ ಬಂದು ಮಾಡುತ್ತೇವೆ. ಹೊರಗೆ ಬಂದಾಗ ಡ್ರಿಲ್ಲಿನ ಸುತ್ತ ಇರುವ ತೋಡಿನಲ್ಲಿ ಮೂಳೆಯ ಪುಡಿ ಕಾಣುತ್ತದೆ. ರಕ್ತದಲ್ಲಿ ನೆನೆದು ಕೆಂಪು ಬಿಳಿ ಬೆರೆತಿದ್ದರೆ ನೆಮ್ಮದಿ. ಕಂದು ಬಣ್ಣಕ್ಕೆ ತಿರುಗಿದ್ದರೆ ಡ್ರಿಲ್ ಮೊಂಡಾಗಿದೆ, ಮೂಳೆ ಸುಟ್ಟಿದೆ ಅಂತ ಅರ್ಥ. ಸುಟ್ಟ ಮೂಳೆಗೆ ಇಂಪ್ಲಾಂಟ್ ಹಾಕಿದರೆ ದೇಹ ಮೊದಲು ಆ ಸತ್ತ ಭಾಗವನ್ನು ಸಾಗಿಸಬೇಕು. ಆ ಗಡಿಬಿಡಿಯಲ್ಲಿ ನಾರು ಬಂದು ಜಾಗ ಹಿಡಿದುಬಿಡುತ್ತದೆ.

ತೆರೆಯ ಮೇಲಿನ ಈ ಚಿತ್ರ ನೋಡಿ. ಇದು ಇಂಪ್ಲಾಂಟಿನ ಎರಡು ಮರೆಗಳ, ಅಂದರೆ ಸ್ಕ್ರೂವಿನ ಮೈ ಸುತ್ತಿಕೊಂಡಿರುವ ಏಣುಗಳ, ನಡುವಿನ ಜಾಗ, ತುಂಬಾ ದೊಡ್ಡದು ಮಾಡಿ ತೋರಿಸಿದ್ದು. ಮರೆಯ ಚೂಪು ತುದಿ ಹಳೆಯ ಮೂಳೆಯೊಳಗೆ ಒತ್ತಿಕೊಂಡು ಕೂತಿದೆ. ಎರಡು ತುದಿಗಳ ನಡುವಿನ ತಗ್ಗು ಖಾಲಿ. ಖಾಲಿ ಅಂದರೆ, ರಕ್ತ ತುಂಬಿಕೊಂಡಿದೆ. ಮೊದಲ ದಿನ ಇಂಪ್ಲಾಂಟ್ ಅಲುಗದೆ ನಿಂತಿರುವುದು ಆ ತುದಿಗಳ ಒತ್ತಡದಿಂದ ಮಾತ್ರ. ಇನ್ನು ಮುಂದೆ ಎರಡು ಜಾಗದಲ್ಲಿ ಎರಡು ಬೇರೆ ಬೇರೆ ಕೆಲಸ ಶುರುವಾಗುತ್ತದೆ. ಗಮನ ಇಟ್ಟು ನೋಡಿ, ಒಂದು ಕಡೆ ಒಡೆಯುತ್ತಾರೆ, ಇನ್ನೊಂದು ಕಡೆ ಕಟ್ಟುತ್ತಾರೆ.

ಮೊದಲು ತಗ್ಗಿನ ಕಡೆ ನೋಡೋಣ. ರಕ್ತ ತಾಗಿದ ಕೂಡಲೇ, ಯಾವ ಜೀವಕೋಶವೂ ಬರುವ ಮೊದಲೇ, ರಕ್ತದಲ್ಲಿರುವ ಪ್ರೋಟೀನುಗಳು ಆಕ್ಸೈಡ್ ಮೇಲ್ಮೈಗೆ ಅಂಟಿಕೊಳ್ಳುತ್ತವೆ. ಆಮೇಲೆ ಬರುವ ಜೀವಕೋಶಗಳು ಮುಟ್ಟುವುದು ಈ ಪ್ರೋಟೀನ್ ಹಾಸನ್ನು. ಪ್ಲೇಟ್‌ಲೆಟ್‌ಗಳು ಸೇರುತ್ತವೆ, ಫೈಬ್ರಿನ್ ಎಳೆಗಳು ಹೆಣೆದುಕೊಂಡು ರಕ್ತ ಹೆಪ್ಪುಗಟ್ಟುತ್ತದೆ. ಈ ಹೆಪ್ಪು ಸುಮ್ನೆ ಕಸ ಅಲ್ಲ. ಮೂಳೆ ಕಟ್ಟುವ ಕೋಶಗಳು ನಡೆದು ಬರುವ ದಾರಿಯೇ ಅದು. ಹಳೆಯ ಮೂಳೆಯ ಅಂಚಿನಿಂದ, ಹೊಸ ರಕ್ತನಾಳಗಳ ಜೊತೆಜೊತೆಗೆ, ಫೈಬ್ರಿನ್ ಎಳೆಗಳನ್ನು ಹಿಡಿದುಕೊಂಡು ಅವು ಇಂಪ್ಲಾಂಟಿನ ಮೇಲ್ಮೈಗೆ ಬರುತ್ತವೆ. ಹಾಗೆ ಬರುವಾಗ ಎಳೆಯನ್ನು ಜಗ್ಗುತ್ತವೆ ಕೂಡ. ಇಂಪ್ಲಾಂಟಿನ ಮೇಲ್ಮೈ ನುಣ್ಣಗಿದ್ದರೆ ಎಳೆ ಅಲ್ಲಿಂದ ಕಳಚಿಕೊಳ್ಳುತ್ತದೆ, ಕೋಶಗಳು ದಾರಿಯಲ್ಲೇ ಉಳಿಯುತ್ತವೆ. ಒರಟಾಗಿದ್ದರೆ ಎಳೆ ಗಟ್ಟಿಯಾಗಿ ಹಿಡಿದುಕೊಂಡಿರುತ್ತದೆ, ಕೋಶಗಳು ಕೊನೆಯವರೆಗೂ ಬರುತ್ತವೆ.

ಬಂದ ಮೇಲೆ ಏನು ಮಾಡುತ್ತವೆ? ಆಸ್ಟಿಯೋಬ್ಲಾಸ್ಟ್ ಅಂತ ಕರೆಯುತ್ತೇವಲ್ಲ, ಮೂಳೆ ಕಟ್ಟುವ ಕೋಶ, ಅದು ಇಂಪ್ಲಾಂಟಿನ ಮೈಮೇಲೆಯೇ ಕೂತು ಮೂಳೆ ಹಾಕಲು ಶುರು ಮಾಡುತ್ತದೆ. ಅಂದರೆ ಮೂಳೆ ಎರಡು ದಿಕ್ಕಿನಿಂದ ಬೆಳೆಯುತ್ತದೆ. ಹಳೆಯ ಮೂಳೆಯ ಅಂಚಿನಿಂದ ಇಂಪ್ಲಾಂಟಿನ ಕಡೆಗೆ ಒಂದು, ಇಂಪ್ಲಾಂಟಿನಿಂದ ಹಳೆಯ ಮೂಳೆಯ ಕಡೆಗೆ ಇನ್ನೊಂದು. ಎರಡೂ ನಡುವೆ ಸಂಧಿಸುತ್ತವೆ. ನುಣ್ಣಗಿನ ಹಳೆಯ ಇಂಪ್ಲಾಂಟ್‌ಗಳಲ್ಲಿ ಮೊದಲನೆಯದೇ ಜಾಸ್ತಿ. ಒರಟು ಮೇಲ್ಮೈಯವುಗಳಲ್ಲಿ ಎರಡೂ ನಡೆಯುತ್ತವೆ, ಹಾಗಾಗಿ ಬೇಗ ಮುಗಿಯುತ್ತದೆ.

ಮೊದಲ ವಾರದ ಕೊನೆಗೆ ಅಲ್ಲಿ ಇಲ್ಲಿ ಹೊಸ ಮೂಳೆಯ ಎಳೆಗಳು ಕಾಣಿಸಿಕೊಳ್ಳುತ್ತವೆ. ಇದು ತುರ್ತಿನ ಮೂಳೆ. ಇದರಲ್ಲಿ ಕೊಲಾಜೆನ್ ನಾರುಗಳು ಅಡ್ಡಾದಿಡ್ಡಿ ಇರುತ್ತವೆ, ಶಕ್ತಿ ಕಮ್ಮಿ. ಆದರೆ ದಿನಕ್ಕೆ ಹತ್ತಾರು ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಅಂದರೆ 1 ಮೈಕ್ರಾನ್) ಬೆಳೆಯುತ್ತದೆ, ಅದೇ ಇದರ ಲಾಭ. ಆಮೇಲೆ ಇದರ ಜಾಗಕ್ಕೆ ಪದರ ಪದರವಾಗಿ ಜೋಡಿಸಿದ ಗಟ್ಟಿ ಮೂಳೆ ಬರುತ್ತದೆ. ಅದರ ವೇಗ ದಿನಕ್ಕೆ ಸುಮಾರು 1 ಮೈಕ್ರಾನ್ ಅಷ್ಟೇ. ಈ ಎರಡು ವೇಗಗಳನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ‘ಯಾಕೆ ಡಾಕ್ಟ್ರೇ ಇಷ್ಟು ತಿಂಗಳು ಕಾಯಿಸ್ತೀರಾ?’ ಅನ್ನುವ ಪ್ರಶ್ನೆಗೆ ಉತ್ತರ ಇಲ್ಲೇ ಇದೆ.

ಈಗ ಮರೆಯ ತುದಿಗೆ ಬನ್ನಿ. ಮೊದಲ ದಿನ ಹಿಡಿದುಕೊಂಡಿದ್ದ ಮೂಳೆ ಅದು, ಅಲ್ವಾ? ಆದರೆ ಅದು ಒತ್ತಡಕ್ಕೆ ಸಿಕ್ಕಿಕೊಂಡಿದೆ. ಅದರಲ್ಲಿ ಕಣ್ಣಿಗೆ ಕಾಣದ ಬಿರುಕುಗಳಾಗಿವೆ. ಒಳಗಿದ್ದ ಕೋಶಗಳಿಗೆ ರಕ್ತ ಸಿಗದೆ ಕೆಲವು ಸತ್ತಿವೆ. ದೇಹ ಇದನ್ನು ಹಾಗೇ ಬಿಡುವುದಿಲ್ಲ. ಮೂಳೆ ಕರಗಿಸುವ ಆಸ್ಟಿಯೋಕ್ಲಾಸ್ಟ್‌ಗಳು ಬಂದು ಪೆಟ್ಟಾದ ಭಾಗವನ್ನು ಕೊರೆದು ತೆಗೆಯುತ್ತವೆ. ಎರಡನೇ ವಾರದಿಂದ ಇದು ಜೋರಾಗುತ್ತದೆ. ಅಂದರೆ ನಾವು ಯಾವ ಹಿಡಿತವನ್ನು ನಂಬಿಕೊಂಡಿದ್ದೆವೋ ದೇಹ ಅದನ್ನೇ ಕೀಳುತ್ತಿದೆ. ತಗ್ಗಿನಲ್ಲಿ ಬೆಳೆಯುತ್ತಿರುವ ಹೊಸ ಮೂಳೆ ಇನ್ನೂ ಎಳೆಯದು, ಭಾರ ಹೊರುವ ಸ್ಥಿತಿಯಲ್ಲಿಲ್ಲ.

ಒಂದು ಗೆರೆ ಇಳಿಯುತ್ತಿದೆ, ಇನ್ನೊಂದು ಏರುತ್ತಿದೆ. ಎರಡನ್ನೂ ಕೂಡಿಸಿದರೆ ಸುಮಾರು 3ನೇ, 4ನೇ ವಾರದಲ್ಲಿ ಒಟ್ಟು ಹಿಡಿತ ತಳ ಮುಟ್ಟುತ್ತದೆ. ಇದು ಬರೀ ಲೆಕ್ಕಾಚಾರ ಅಲ್ಲ, ಅಳೆದು ನೋಡಬಹುದು. ಇಂಪ್ಲಾಂಟಿಗೆ ಒಂದು ಪುಟ್ಟ ಕಡ್ಡಿ ಸಿಕ್ಕಿಸಿ, ಮುಟ್ಟದೆಯೇ ಅಯಸ್ಕಾಂತದಿಂದ ಕಂಪಿಸುವಂತೆ ಮಾಡಿ, ಆ ಕಂಪನದಿಂದ ಹಿಡಿತವನ್ನು 1ರಿಂದ 100ರ ಒಳಗಿನ ಒಂದು ಅಂಕಿಯಾಗಿ ಹೇಳುವ ಉಪಕರಣ ಇದೆ. ಕಂಪನದಿಂದ ಅಳೆಯುವ ಈ ಉಪಾಯವನ್ನು 1990ರ ದಶಕದಲ್ಲಿ ಮೆರೆಡಿತ್ ಮತ್ತು ಜೊತೆಯವರು ತಂದರು. ವಾರ ವಾರ ಅಳೆದರೆ ಬಹಳ ಜನರಲ್ಲಿ ಅಂಕಿ ಮೊದಲು ಇಳಿದು ಆಮೇಲೆ ಏರುತ್ತದೆ. ಮೂಳೆ ಮೆತ್ತಗಿರುವವರಲ್ಲಿ ಇದು ಎದ್ದು ಕಾಣುತ್ತದೆ.

ಆ ತಳ ಮುಟ್ಟಿದ ವಾರಗಳಲ್ಲಿ ಇಂಪ್ಲಾಂಟಿಗೆ ಬೇಕಾಗಿರುವುದು ಒಂದೇ, ಅಲುಗದೆ ಇರುವುದು. ಎಷ್ಟು ಅಲುಗಬಾರದು? ಸುಮಾರು 50ರಿಂದ 150 ಮೈಕ್ರಾನ್ ದಾಟಿದರೆ ಮೂಳೆಯ ಬದಲು ನಾರು ಬೆಳೆಯುತ್ತದೆ ಅಂತ ಅಧ್ಯಯನಗಳು ಹೇಳುತ್ತವೆ. ಒಂದು ಕೂದಲಿನ ದಪ್ಪ ಹೆಚ್ಚುಕಡಿಮೆ ಅಷ್ಟೇ. ಕಣ್ಣಿಗೂ ಗೊತ್ತಾಗುವುದಿಲ್ಲ, ನಾಲಿಗೆಗೂ ಗೊತ್ತಾಗುವುದಿಲ್ಲ. ಕಾರಣ ಸರಳ. ಎಳೆಯ ರಕ್ತನಾಳಗಳು ಆ ಅಲುಗಾಟಕ್ಕೆ ಹರಿದುಹೋಗುತ್ತವೆ. ರಕ್ತ ಇಲ್ಲದ ಕಡೆ ಮೂಳೆ ಕಟ್ಟುವ ಕೋಶ ಬಾಳುವುದಿಲ್ಲ, ನಾರು ಕಟ್ಟುವ ಕೋಶ ಹೇಗೋ ಬಾಳಿಕೊಳ್ಳುತ್ತದೆ. ಒಮ್ಮೆ ನಾರು ಜಾಗ ಹಿಡಿದರೆ ಆಮೇಲೆ ಎಷ್ಟು ಕಾದರೂ ಅದು ಮೂಳೆ ಆಗುವುದಿಲ್ಲ. ಇಂಪ್ಲಾಂಟ್ ತೆಗೆದು ಮತ್ತೆ ಮೊದಲಿನಿಂದ ಶುರು.

ಇಷ್ಟು ಕೇಳಿದ ಮೇಲೆ ನಿಮ್ಮಲ್ಲಿ ಕೆಲವರಿಗೆ ಅನುಮಾನ ಬಂದಿರಬೇಕು. ಇಂಪ್ಲಾಂಟ್ ಹಾಕಿದ ದಿನವೇ ಹಲ್ಲು ಕೊಡುತ್ತೇವೆ ಅಂತ ಜಾಹೀರಾತು ನೋಡಿದ್ದೀರಿ. ಅದು ಸುಳ್ಳೇ? ಸುಳ್ಳಲ್ಲ. ಮೂಳೆಗೆ ಭಾರ ಬೀಳಬಾರದು ಅಂತೇನೂ ಇಲ್ಲ, ಇಂಪ್ಲಾಂಟ್ ಅಲುಗಬಾರದು ಅಷ್ಟೇ. ಮೂಳೆ ಗಟ್ಟಿ ಇದ್ದು, ಕೂರಿಸುವಾಗ ಸಾಕಷ್ಟು ಬಿಗಿ ಸಿಕ್ಕಿದ್ದರೆ, ಅದಕ್ಕೆ ಸಾಮಾನ್ಯವಾಗಿ 35 ನ್ಯೂಟನ್ ಸೆಂಟಿಮೀಟರ್ ಆಸುಪಾಸಿನ ತಿರುಗುಬಲ ನೋಡುತ್ತೇವೆ, ನಾಲ್ಕಾರು ಇಂಪ್ಲಾಂಟ್‌ಗಳನ್ನು ಒಂದಕ್ಕೊಂದು ಕಟ್ಟಿ ಒಂದೇ ಚೌಕಟ್ಟು ಮಾಡಿದರೆ ಅವು ಪರಸ್ಪರ ಹಿಡಿದುಕೊಳ್ಳುತ್ತವೆ. ಆಗ ಅದೇ ದಿನ ತಾತ್ಕಾಲಿಕ ಹಲ್ಲು ಕೊಡಬಹುದು. ಒಂಟಿ ಇಂಪ್ಲಾಂಟ್, ಮೇಲಿನ ದವಡೆಯ ಹಿಂಭಾಗ, ಮೆತ್ತನೆ ಮೂಳೆ, ಇವು ಮೂರೂ ಸೇರಿದ ಕಡೆ ಅದೇ ಮಾತು ಹೇಳುವವರನ್ನು ನಾನಾಗಿದ್ದರೆ ಇನ್ನೊಂದೆರಡು ಪ್ರಶ್ನೆ ಕೇಳುತ್ತೇನೆ.

ಅತಿಯಾಗಿ ಬಿಗಿ ಮಾಡುವುದೂ ಒಳ್ಳೆಯದಲ್ಲ. ಬಿಗಿ ಜಾಸ್ತಿಯಾದಷ್ಟೂ ತುದಿಯಲ್ಲಿ ಪೆಟ್ಟು ಜಾಸ್ತಿ, ಕರಗಿಸಬೇಕಾದ ಮೂಳೆಯೂ ಜಾಸ್ತಿ. ಕೆಳದವಡೆಯ ಮುಂಭಾಗದಂಥ ಗಟ್ಟಿ ಮೂಳೆಯಲ್ಲಿ ಈ ಎಚ್ಚರ ಬೇಕೇಬೇಕು.

ಬ್ರೋನೆಮಾರ್ಕ್ ಅವರ ಮೂಲ ನಿಯಮ ಕೆಳದವಡೆಗೆ 3 ತಿಂಗಳು, ಮೇಲ್ದವಡೆಗೆ 6 ತಿಂಗಳು ಕಾಯುವುದು. ಅದೂ ವಸಡಿನ ಕೆಳಗೆ ಪೂರ್ತಿ ಮುಚ್ಚಿಟ್ಟು. ಆಗಿನ ಇಂಪ್ಲಾಂಟ್ ಲೇತ್‌ನಲ್ಲಿ ಕಡೆದು ತೆಗೆದ ನುಣ್ಣಗಿನ ಮೇಲ್ಮೈಯದು. ಈಗ ಮರಳಿನಂಥ ಕಣಗಳನ್ನು ಸಿಡಿಸಿ, ಆಮೇಲೆ ಆಸಿಡ್‌ನಲ್ಲಿ ಅದ್ದಿ ಒರಟು ಮಾಡುತ್ತಾರೆ. ಆ ಒರಟಿನ ಏರಿಳಿತ 1ರಿಂದ 2 ಮೈಕ್ರಾನ್ ಇದ್ದರೆ ಮೂಳೆಯ ಪ್ರತಿಕ್ರಿಯೆ ಚೆನ್ನಾಗಿರುತ್ತದೆ. ಒಳ್ಳೆಯ ಮೂಳೆಯಲ್ಲಿ ಕಾಯುವ ಸಮಯ 6ರಿಂದ 8 ವಾರಕ್ಕೆ ಇಳಿದಿದೆ. 2011ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸ್ವಯಂಸೇವಕರ ದವಡೆಯಲ್ಲಿ ಪುಟ್ಟ ಇಂಪ್ಲಾಂಟ್ ಇಟ್ಟು, ಕೆಲವು ವಾರ ಬಿಟ್ಟು ಸುತ್ತಲಿನ ಮೂಳೆ ಸಮೇತ ತೆಗೆದು ನೋಡಿದರು. 2 ವಾರಕ್ಕೆ ಹೊಸ ಮೂಳೆ ತಾಗಿದ್ದು ಮೇಲ್ಮೈಯ ಶೇ. 12ರಿಂದ 15ರಷ್ಟು. 6 ವಾರಕ್ಕೆ ಶೇ. 60ಕ್ಕಿಂತ ಸ್ವಲ್ಪ ಜಾಸ್ತಿ. ಒಂದು ತಮಾಷೆ ಅಂದರೆ, ಅಲ್ಲಿ ಎರಡು ಬಗೆಯ ಮೇಲ್ಮೈಗಳನ್ನು ಹೋಲಿಸಿದ್ದರು. 4 ವಾರಕ್ಕೆ ಒಂದು ಮುಂದೆ ಇತ್ತು, 6 ವಾರಕ್ಕೆ ಎರಡೂ ಸಮ. ಕಂಪನಿಗಳು ತಂತಮ್ಮ ಮೇಲ್ಮೈಯನ್ನು ಹೊಗಳುವಾಗ ನಾನು ಇದನ್ನು ನೆನಪು ಮಾಡಿಕೊಳ್ಳುತ್ತೇನೆ.

ಶೇ. 100 ಯಾವತ್ತೂ ಆಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ವರ್ಷಗಟ್ಟಲೆ ಚೆನ್ನಾಗಿ ಕೆಲಸ ಮಾಡಿದ ಇಂಪ್ಲಾಂಟ್‌ಗಳಲ್ಲೂ ಮೇಲ್ಮೈಯ ಒಂದಷ್ಟು ಭಾಗಕ್ಕೆ ಮಜ್ಜೆ ತಾಗಿರುತ್ತದೆ, ರಕ್ತನಾಳ ತಾಗಿರುತ್ತದೆ. ಅವು ಇರಲೇಬೇಕು. ಯಾಕಂದರೆ ಅಲ್ಲಿನ ಮೂಳೆ ಜೀವಂತ, ಅದಕ್ಕೆ ಊಟ ಬೇಕು. ಕೂಡಿದ ಮೇಲೂ ಕೆಲಸ ನಿಲ್ಲುವುದಿಲ್ಲ. ನಿಮ್ಮ ಮೈಯ ಎಲ್ಲ ಮೂಳೆಗಳ ಹಾಗೆ ಇದೂ ಅಲ್ಲಲ್ಲಿ ಕರಗುತ್ತಾ, ಅಲ್ಲಲ್ಲಿ ಕಟ್ಟಿಕೊಳ್ಳುತ್ತಾ ಇರುತ್ತದೆ. ಒಂದು ಜಾಗದಲ್ಲಿ ಕರಗಿಸಿ ಮತ್ತೆ ತುಂಬುವುದಕ್ಕೆ ಕೆಲವು ತಿಂಗಳು ಬೇಕು. ಹತ್ತು ವರ್ಷದ ಹಿಂದೆ ಹಾಕಿಸಿದ ಇಂಪ್ಲಾಂಟಿನ ಸುತ್ತ ಇರುವ ಮೂಳೆಗೆ ಹತ್ತು ವರ್ಷ ವಯಸ್ಸಾಗಿರುವುದಿಲ್ಲ.

ಇಲ್ಲಿ ಒಂದು ಜಗಳದ ವಿಷಯ ಹೇಳಿ ಮುಂದೆ ಹೋಗುತ್ತೇನೆ. ಇಂಪ್ಲಾಂಟನ್ನು ದೇಹ ‘ಒಪ್ಪಿಕೊಂಡಿದೆ’ ಅಂತ ನಾವು ಬಹಳ ಕಾಲ ಹೇಳುತ್ತಾ ಬಂದೆವು. ಬ್ರೋನೆಮಾರ್ಕ್ ಅವರ ಜೊತೆ ಕೆಲಸ ಮಾಡಿದ ತೋಮಸ್ ಆಲ್ಬ್ರೆಕ್ಟ್‌ಸನ್ ಅವರೇ ಇತ್ತೀಚಿನ ವರ್ಷಗಳಲ್ಲಿ ಬೇರೆ ಮಾತು ಆಡಿದ್ದಾರೆ. ಅವರ ಪ್ರಕಾರ ಇದು ಒಪ್ಪಿಗೆ ಅಲ್ಲ. ಮುಳ್ಳನ್ನು ನಾರಿನಿಂದ ಸುತ್ತುವ ದೇಹ ಟೈಟಾನಿಯಂ ಅನ್ನು ಮೂಳೆಯಿಂದ ಸುತ್ತುತ್ತದೆ, ಅಷ್ಟೇ. ಹೊರಗಿನ ವಸ್ತು ಅಂತ ಗೊತ್ತಿದ್ದೇ ಮಾಡುವ ಕೆಲಸ. ಮ್ಯಾಕ್ರೋಫೇಜ್‌ನಂಥ ರೋಗನಿರೋಧಕ ಕೋಶಗಳು ಇಂಪ್ಲಾಂಟಿನ ಸುತ್ತ ವರ್ಷಗಳ ನಂತರವೂ ಕಾಣಸಿಗುತ್ತವೆ ಅನ್ನುವುದು ಈ ವಾದಕ್ಕೆ ಬಲ ಕೊಡುತ್ತದೆ. ಎಲ್ಲರೂ ಇದನ್ನು ಒಪ್ಪಿಲ್ಲ. ನನಗೆ ಮಾತ್ರ ಇದು ಸರಿ ಅನ್ನಿಸುತ್ತದೆ. ಕೂಡಿದ ಇಂಪ್ಲಾಂಟ್ ಕೂಡ ಯಾಕೆ ಕೆಲವೊಮ್ಮೆ ವರ್ಷಗಳ ಮೇಲೆ ಮೂಳೆ ಕಳೆದುಕೊಳ್ಳುತ್ತದೆ ಅನ್ನುವುದು ಹೀಗೆ ನೋಡಿದರೆ ಸುಲಭವಾಗಿ ಅರ್ಥ ಆಗುತ್ತದೆ. ಅಲ್ಲಿರುವುದು ಒಂದು ಸಮತೋಲ. ಅದು ತಪ್ಪಬಹುದು.

ತಪ್ಪಿಸುವವರಲ್ಲಿ ಮೊದಲನೆಯದು ಬ್ಯಾಕ್ಟೀರಿಯಾ. ಸಹಜ ಹಲ್ಲಿನಲ್ಲಿ ವಸಡಿನ ನಾರುಗಳು ಬೇರಿನೊಳಗೆ ನಾಟಿಕೊಂಡಿರುತ್ತವೆ, ಒಂದು ಬೇಲಿಯೇ ಇರುತ್ತದೆ. ಇಂಪ್ಲಾಂಟಿನ ಕುತ್ತಿಗೆಯಲ್ಲಿ ನಾರುಗಳು ಅದರ ಉದ್ದಕ್ಕೆ, ಸುತ್ತಲೂ ಹಾದುಹೋಗುತ್ತವೆ, ಒಳಗೆ ನಾಟುವುದಿಲ್ಲ. ಹಾಗಾಗಿ ಅಲ್ಲಿ ಕೊಳೆ ಕೂತರೆ ಸೋಂಕು ಬೇಗ ಕೆಳಗೆ ಇಳಿಯುತ್ತದೆ. ಮೂಳೆ ಬಟ್ಟಲಿನ ಆಕಾರದಲ್ಲಿ ಕರಗುತ್ತದೆ. ಇಂಪ್ಲಾಂಟ್ ಕೊನೆಯವರೆಗೂ ಅಲುಗುವುದಿಲ್ಲ, ಕೆಳಗಿನ ಭಾಗ ಇನ್ನೂ ಕೂಡಿಕೊಂಡೇ ಇರುತ್ತದಲ್ಲ. ಅಲುಗುತ್ತಿಲ್ಲ, ಹಾಗಾಗಿ ಚೆನ್ನಾಗಿದೆ ಅಂತ ತಿಳಿಯಬೇಡಿ. ಉಜ್ಜುವಾಗ ರಕ್ತ ಬಂದರೆ ತೋರಿಸಿಕೊಳ್ಳಿ.

ಸಿಗರೇಟು ಸೇದುವವರ ವಿಷಯ ಚುಟುಕಾಗಿ ಹೇಳುತ್ತೇನೆ. ನಿಕೋಟಿನ್ ರಕ್ತನಾಳ ಕಿರಿದು ಮಾಡುತ್ತದೆ. ಇಂಪ್ಲಾಂಟ್ ಸೋಲುವ ಸಂಭವ ಅವರಲ್ಲಿ ಹೆಚ್ಚುಕಡಿಮೆ ದುಪ್ಪಟ್ಟು. ಸಕ್ಕರೆ ಕಾಯಿಲೆ ಹತೋಟಿಯಲ್ಲಿದ್ದರೆ ಅಡ್ಡಿಯಿಲ್ಲ, ಇಲ್ಲದಿದ್ದರೆ ಮೊದಲು ಅದನ್ನು ಸರಿ ಮಾಡಿಕೊಳ್ಳಿ. ಮೂಳೆ ಸವೆತಕ್ಕೆ ಅಥವಾ ಕ್ಯಾನ್ಸರ್‌ಗೆ ಬಿಸ್‌ಫಾಸ್ಫೋನೇಟ್ ಔಷಧಿ, ಅದರಲ್ಲೂ ರಕ್ತನಾಳಕ್ಕೆ ಕೊಡುವ ಇಂಜೆಕ್ಷನ್ ತೆಗೆದುಕೊಂಡಿದ್ದರೆ ಖಂಡಿತ ಹೇಳಿ, ಮುಚ್ಚಿಡಬೇಡಿ. ಅದು ಆಸ್ಟಿಯೋಕ್ಲಾಸ್ಟ್‌ಗಳ ಕೈ ಕಟ್ಟುತ್ತದೆ. ಪೆಟ್ಟಾದ ಮೂಳೆಯನ್ನು ತೆಗೆಯುವವರೇ ಇಲ್ಲ ಅಂದಮೇಲೆ ಏನಾಗಬಹುದು ಅಂತ ಈಗ ನಿಮಗೇ ಗೊತ್ತು.

ಮುಂದಿನ ಸಾಲಿನಲ್ಲಿ ಒಬ್ಬರು ಕೇಳುತ್ತಿದ್ದಾರೆ, ಅಗಿಯುವಾಗ ಸಹಜ ಹಲ್ಲಿನ ಹಾಗೇ ಅನ್ನಿಸುತ್ತದೆಯೇ ಅಂತ. ಪೂರ್ತಿ ಇಲ್ಲ. ಸಹಜ ಹಲ್ಲಿನ ಸುತ್ತ ಸುಮಾರು 0.2 ಮಿಲಿಮೀಟರ್ ದಪ್ಪದ ನಾರಿನ ಹಾಸು ಇದೆ, ಅದರಲ್ಲಿ ನರಗಳಿವೆ. ಎರಡು ಸಹಜ ಹಲ್ಲುಗಳ ನಡುವೆ 20 ಮೈಕ್ರಾನ್ ದಪ್ಪದ ಹಾಳೆ ಇಟ್ಟರೂ ಗೊತ್ತಾಗುತ್ತದೆ. ಒಂದು ಕಡೆ ಇಂಪ್ಲಾಂಟ್ ಇದ್ದರೆ ಹಾಳೆ 50 ಮೈಕ್ರಾನ್ ಆಸುಪಾಸು ಇರಬೇಕು. ಮೂಳೆಯ ಮೂಲಕ, ಸ್ನಾಯುಗಳ ಮೂಲಕ ಸ್ವಲ್ಪ ಸುಳಿವು ಸಿಗುತ್ತದೆ, ಮಿದುಳು ಅದಕ್ಕೆ ಹೊಂದಿಕೊಳ್ಳುತ್ತದೆ. ಇದರ ಇನ್ನೊಂದು ಪರಿಣಾಮ ಅಂದರೆ, ಕಚ್ಚಿದಾಗ ಸಹಜ ಹಲ್ಲು 25ರಿಂದ 100 ಮೈಕ್ರಾನ್ ಒಳಗೆ ಇಳಿಯುತ್ತದೆ, ಇಂಪ್ಲಾಂಟ್ 3ರಿಂದ 5 ಮಾತ್ರ. ಎರಡನ್ನೂ ಒಂದೇ ಎತ್ತರಕ್ಕೆ ಮಾಡಿದರೆ ಗಟ್ಟಿಯಾಗಿ ಕಚ್ಚಿದಾಗ ಭಾರ ಎಲ್ಲ ಇಂಪ್ಲಾಂಟ್ ಮೇಲೇ. ಅದಕ್ಕೇ ಕ್ರೌನ್, ಅಂದರೆ ಇಂಪ್ಲಾಂಟಿನ ಮೇಲೆ ಬರುವ ಕೃತಕ ಹಲ್ಲು, ಕೂರಿಸುವಾಗ ಬಣ್ಣದ ಕಾಗದ ಕಚ್ಚಿಸಿ ಕಚ್ಚಿಸಿ ಅಷ್ಟೊಂದು ಹೊತ್ತು ತೇಯುತ್ತಿರುತ್ತೇವೆ.

ಇನ್ನೊಬ್ಬರು ವಯಸ್ಸಿನ ಬಗ್ಗೆ ಕೇಳಿದರು. ಎಷ್ಟು ವಯಸ್ಸಾದರೂ ಮೂಳೆ ಕೂಡುತ್ತದೆ, ನಿಧಾನ ಆಗಬಹುದು. ಸಮಸ್ಯೆ ಇರುವುದು ಚಿಕ್ಕವರಲ್ಲಿ. ಕೂಡಿದ ಇಂಪ್ಲಾಂಟ್ ಮೂಳೆಯ ಜೊತೆ ಕಟ್ಟಿಹಾಕಿಕೊಂಡಿರುತ್ತದೆ, ಜಾಗ ಬದಲಿಸುವುದಿಲ್ಲ. ಕ್ಲಿಪ್ ಹಾಕಿ ಹಲ್ಲು ಸರಿಸುವವರು ಇದನ್ನೇ ಉಪಯೋಗಕ್ಕೆ ತೆಗೆದುಕೊಳ್ಳುತ್ತಾರೆ, ಇಂಪ್ಲಾಂಟಿಗೆ ಆನಿಸಿ ಬೇರೆ ಹಲ್ಲುಗಳನ್ನು ಎಳೆಯುತ್ತಾರೆ. ಆದರೆ ಬೆಳೆಯುವ ಮಕ್ಕಳಲ್ಲಿ ದವಡೆ ಬೆಳೆದಂತೆ ಪಕ್ಕದ ಹಲ್ಲುಗಳು ಮೂಳೆ ಸಮೇತ ಕೆಳಗೆ ಬರುತ್ತವೆ, ಇಂಪ್ಲಾಂಟ್ ಹಾಕಿದ ಎತ್ತರದಲ್ಲೇ ಉಳಿದು ಹೂತುಹೋದಂತೆ ಕಾಣುತ್ತದೆ. ಅದಕ್ಕೇ ಬೆಳವಣಿಗೆ ಮುಗಿಯುವವರೆಗೆ ಕಾಯಿಸುತ್ತೇವೆ. ಅದನ್ನು ಹುಟ್ಟಿದ ದಿನಾಂಕ ನೋಡಿ ತೀರ್ಮಾನಿಸುವುದಿಲ್ಲ, ಅಂತರ ಬಿಟ್ಟು ತೆಗೆದ ಎಕ್ಸ್‌ರೇಗಳನ್ನು ಹೋಲಿಸಿ ನೋಡುತ್ತೇವೆ. ಹುಟ್ಟಿನಿಂದಲೇ ಬಹುತೇಕ ಹಲ್ಲು ಬಾರದ ಕೆಲವು ಮಕ್ಕಳಿಗೆ ಮಾತ್ರ ಕೆಳದವಡೆಯ ಮುಂಭಾಗದಲ್ಲಿ ಬೇಗ ಹಾಕುವುದುಂಟು. ದೊಡ್ಡವರಲ್ಲೂ ಮುಖದ ಬೆಳವಣಿಗೆ ಪೂರ್ತಿ ನಿಲ್ಲುವುದಿಲ್ಲ. ಮುಂದಿನ ಹಲ್ಲಿನ ಜಾಗದಲ್ಲಿ ಇಂಪ್ಲಾಂಟ್ ಹಾಕಿಸಿಕೊಂಡ ಕೆಲವರಿಗೆ ಹತ್ತು ಹದಿನೈದು ವರ್ಷದ ಮೇಲೆ ಆ ಹಲ್ಲು ಪಕ್ಕದವುಗಳಿಗಿಂತ ತುಸು ಗಿಡ್ಡ ಕಾಣಲು ಶುರುವಾಗುತ್ತದೆ. ಆಗ ಇಂಪ್ಲಾಂಟನ್ನು ಮುಟ್ಟುವುದಿಲ್ಲ, ಕ್ರೌನ್ ಒಂದನ್ನೇ ಬಿಚ್ಚಿ ಸ್ವಲ್ಪ ಉದ್ದದ ಹೊಸದು ಹಾಕುತ್ತೇವೆ.